ಟ್ಯಾಂಕಿಗೆ ಬಂದ ನೀಲಿ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅಕ್ಕನ ಕೈಗೆ ಸಾಟಿಯಿರಲಿಲ್ಲ. ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಅವಳ ಸ್ವಂತ ತಮ್ಮ. ಅವನು ಎಬ್ಬಿಸಿ ಕಳಿಸಿದ ಆವಿ ಅವಳ ತೊಟ್ಟಿಗಳೊಳಗಿನ ಸುರುಳಿ ಪೈಪುಗಳಲ್ಲಿ ಹರಿದು ಬಣ್ಣದ ನೀರನ್ನು ಕಾಯಿಸುತ್ತಿತ್ತು. "ಬೆಂಕಿ ನಂದು, ಹೆಸರು ನಿಂದು" ಎಂದು ಅವನು ಆಗಾಗ ರೇಗಿಸುತ್ತಿದ್ದ.

ಕೆಲವು ತಿಂಗಳಿಂದ ಅಕ್ಕ ಮಂಕಾಗಿದ್ದಳು. ಕಡುನೀಲಿ ಒಮ್ಮೆ ಸರಿಯಾಗಿ ಬಂದರೆ ಮರುಸಲ ತೆಳುವಾಗಿ, ಒಗೆದು ಒಗೆದು ಸೋತ ಅಂಗಿಯ ಹಾಗೆ ಬರುತ್ತಿತ್ತು. ಪುಡಿ ಅದೇ, ಅಳತೆ ಅದೇ. ಕೆಟ್ಟಿರುವುದು ತನ್ನ ಕಣ್ಣೇ ಇರಬೇಕು ಎಂದು ಅವಳಿಗೆ ದಿಗಿಲು ಹತ್ತಿತು. ಅಮ್ಮನಿಗೂ ಇದೇ ವಯಸ್ಸಿನಲ್ಲಿ ಕಣ್ಣು ಮಂಜಾಗಿತ್ತು. ಊಟದ ಬಿಡುವಿನಲ್ಲಿ ಕಿಟಕಿಯ ಬಳಿ ನಿಂತು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಬಟ್ಟೆಯ ತುಂಡುಗಳನ್ನು ನೋಡುತ್ತಿದ್ದಳು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಕಾರ್ಖಾನೆಯ ಬಾವಿ ತಳ ಕಂಡಿತು. ಯಜಮಾನಿ ಇಬ್ಬರನ್ನೂ ಕರೆದು, "ಹೀಗೇ ಆದ್ರೆ ಬಣ್ಣದ ವಿಭಾಗಕ್ಕೆ ಬೀಗ ಹಾಕ್ಬೇಕಾಗುತ್ತೆ" ಎಂದರು.

"ತೊಟ್ಟಿ ಕಾಯಿಸಿದ ಮೇಲೆ ಆವಿ ನೀರಾಗಿ ಚರಂಡಿಗೆ ಹೋಗ್ತಿದೆ, ಮೇಡಂ" ಎಂದ ತಮ್ಮ. "ಸುಡುಸುಡೋ ನೀರು, ಶುದ್ಧ ನೀರು. ಅದನ್ನೇ ವಾಪಸ್ ಬಾಯ್ಲರಿಗೆ ತಂದ್ರೆ ನೀರೂ ಉಳಿಯುತ್ತೆ, ಸೌದೆನೂ ಉಳಿಯುತ್ತೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ಆಗ ಬಾವಿ ತುಂಬಿತ್ತು."

ಯಜಮಾನಿಗೆ ನಗು ಬಂತು. ಆ ವಾರವೇ ಹೊಸ ಪೈಪು ಹಾಕಿಸಿದರು. ಬಾಯ್ಲರಿಗೆ ನೀರೂಡಿಸುವ ಟ್ಯಾಂಕಿನಲ್ಲಿ ಮೊದಲ ದಿನ ತಿಳಿಯಾದ ಬಿಸಿನೀರು ಹಬೆಯಾಡಿತು.

ಮಾರನೆಯ ಬೆಳಿಗ್ಗೆ ತಮ್ಮ ಟ್ಯಾಂಕಿನ ಮುಚ್ಚಳ ತೆಗೆದವನು ಹೌಹಾರಿದ. ನೀರು ನೀಲಿಯಾಗಿತ್ತು. ಅಂಥ ನೀರು ಹೋದರೆ ಬಾಯ್ಲರಿನೊಳಗೆ ನೊರೆಯೆದ್ದು ಅದು ಕೆಟ್ಟೇ ಹೋಗುತ್ತದೆ. ಅವನು ಬೆಂಕಿ ಆರಿಸಿ, ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು ಅಕ್ಕನ ಬಳಿ ಓಡಿದ.

"ಅಕ್ಕಾ, ಇದು ಯಾವ ಬಣ್ಣ ನೋಡು."

"ನನ್ನ ಕೇಳ್ಬೇಡ ಕಣೋ."

"ನಿನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ?"

ಅವಳು ಲೋಟವನ್ನು ಬೆಳಕಿಗೆ ಹಿಡಿದಳು. "ನನ್ನ ಕಡುನೀಲಿ. ಆ ಬಣ್ಣದ ತೊಟ್ಟಿಯಿಂದಲೇ ಬಂದಿದೆ."

ಇಬ್ಬರೂ ಸೇರಿ ಆ ತೊಟ್ಟಿಯನ್ನು ಖಾಲಿ ಮಾಡಿದರು. ತಮ್ಮ ಸುರುಳಿಯೊಳಗೆ ನೀರು ತುಂಬಿ ಒತ್ತಡ ಕೊಟ್ಟ. ಅಡಿಭಾಗದಲ್ಲಿ, ಕೂದಲೆಳೆಯಷ್ಟು ಬಿರುಕಿನಿಂದ, ನೀರು ಸುಯ್ಯೆಂದು ಚಿಮ್ಮಿತು.

"ಆವಿ ಹರಿಯೋವಾಗ ತೊಟ್ಟಿಯೊಳಗೆ ಸೋರಿ ನೀರಾಗಿ ನಿನ್ನ ಬಣ್ಣಕ್ಕೆ ಸೇರ್ತಿದೆ. ಆವಿ ನಿಲ್ಸಿದ್ರೆ ಸುರುಳಿ ತಣ್ಣಗಾಗಿ ಬಣ್ಣಾನ ಒಳಗೆಳ್ಕೊಳ್ಳುತ್ತೆ" ಎಂದ ತಮ್ಮ. "ಎಲ್ಲಾ ಚರಂಡಿಗೆ ಹೋಗ್ತಿತ್ತಲ್ಲ, ಯಾರ ಕಣ್ಣಿಗೂ ಬಿದ್ದಿಲ್ಲ."

"ಅಂದ್ರೆ... ಬಣ್ಣ ನಿಜವಾಗ್ಲೂ ತೆಳು ಆಗ್ತಿತ್ತಾ?"

"ಮತ್ತೆ? ಬಿರುಕು ಕಣ್ಣೆದುರಿಗೇ ಇದೆಯಲ್ಲ!"

ಅಕ್ಕ ತೊಟ್ಟಿಯ ಪಕ್ಕದ ಮೆಟ್ಟಿಲ ಮೇಲೆ ಕೂತಳು. ನಗಲು ಹೋಗಿ ಅತ್ತಳು. ಆಮೇಲೆ ಕಿಟಕಿಯ ಬಳಿ ಕಣ್ಣು ಪರೀಕ್ಷಿಸಿಕೊಳ್ಳುತ್ತಿದ್ದುದನ್ನೂ ಅಮ್ಮನ ಹಾಗೇ ತನಗೂ ಆಯಿತೆಂದು ಹೆದರಿದ್ದನ್ನೂ ಹೇಳಿಬಿಟ್ಟಳು.

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಅಳ್ತಿದ್ದೆ."

"ಈಗೇನು ನಗ್ತಿದೀನಾ?" ಎಂದು ಅವನು ತೋಳಿನಿಂದ ಮುಖ ಒರೆಸಿಕೊಂಡ.

ಸುರುಳಿಗೆ ಬೆಸುಗೆ ಬಿತ್ತು. ಟ್ಯಾಂಕು ತೊಳೆದು ಮತ್ತೆ ಪೈಪು ತೆರೆದಾಗ ತಿಳಿನೀರು ಬಂತು, ಮರುದಿನವೂ ತಿಳಿಯಾಗಿಯೇ ಬಂತು. ಬಾಯ್ಲರಿಗೆ ಬಾವಿಯಿಂದ ಎತ್ತುವ ನೀರು ಅರ್ಧಕ್ಕಿಂತ ಕಡಿಮೆಯಾಯಿತು. ಬಿಸಿನೀರೇ ಒಳಹೋಗುತ್ತಿದ್ದುದರಿಂದ ಸೌದೆಯ ರಾಶಿಯೂ ಮೊದಲಿನಷ್ಟು ಬೇಗ ಕರಗಲಿಲ್ಲ. ಬೀಗದ ಮಾತನ್ನು ಯಜಮಾನಿ ಮತ್ತೆ ಎತ್ತಲಿಲ್ಲ.

ಆ ತೊಟ್ಟಿಯಿಂದ ಮೇಲೆದ್ದ ಮೊದಲ ಬಟ್ಟೆ ಒಣಹಾಕುವ ಗಳುವಿನಲ್ಲಿ ನೀರು ತೊಟ್ಟಿಕ್ಕುತ್ತ ತೂಗಿತು. ಕಡುನೀಲಿ, ಎಲ್ಲೂ ತೆಳುವಿಲ್ಲ. ತಮ್ಮ ಹತ್ತಿರ ಹೋಗಿ ಅಂಚು ಹಿಡಿದ.

"ಮಸಿ ಕೈ ಕಣೋ! ತೊಳ್ಕೊಂಡು ಬಂದು ಮುಟ್ಟು!" ಎಂದು ಅಕ್ಕ ಗದರಿದ ಸದ್ದಿಗೆ ಆಚೆ ಕೋಣೆಯವರೂ ಬಂದು ಇಣುಕಿದರು.