ಚನ್ನಮಲ್ಲಮ್ಮನ ಎಲೆಯಡಿಕೆ

ತಾನೊಂದು ಪ್ರಶ್ನೆ ಕೇಳಿದ ಮರುಕ್ಷಣವೇ ಬಾಯಿಗೆ ಎಲೆಯಡಿಕೆ ತುಂಬಿಕೊಳ್ಳುವುದು ಕಲ್ಲೂರಿನ ಚನ್ನಮಲ್ಲಮ್ಮನ ಅಭ್ಯಾಸ. ಬಾಯಿ ತುಂಬಿತೆಂದರೆ ಮುಗಿಯಿತು, ಎದುರಿನವರ ಮಾತು ಪೂರ್ತಿಯಾಗುವವರೆಗೆ ಅವಳಿಂದ ಹೂಂ ಎಂಬ ಸದ್ದೂ ಬರುತ್ತಿರಲಿಲ್ಲ. ರಾಯಚೂರಿನ ಕಚೇರಿಯಲ್ಲಿ ವಕೀಲರು ಒಂದೇ ಉಸಿರಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಎಸೆಯುವುದನ್ನು ಕಂಡು ಬೆರಗಾಗಿದ್ದ ಅವಳ ಅಣ್ಣನ ಮಗ ವಿರೂಪಣ್ಣನಿಗೆ, ಕುಂಟುತ್ತ ಬಂದು ಗೋಡೆಗೊರಗಿ ಮೆಲುಕು ಹಾಕುವ ಈ ಸೋದರತ್ತೆಯನ್ನು ಊರವರು ಯಾಕಿಷ್ಟು ಹಚ್ಚಿಕೊಂಡಿದ್ದಾರೆಂಬುದೇ ತಿಳಿಯುತ್ತಿರಲಿಲ್ಲ.

ಯುದ್ಧಕಾಲದ ಒಂದು ಚಳಿಗಾಲ. ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ವಿರೂಪಣ್ಣನ ಮಗಳು ಬಸವಂತಮ್ಮ, ದೇವದುರ್ಗದ ಗಂಡನ ಮನೆಯಿಂದ ಬಂದವಳು, ಬಾಯಿಗೆ ಬೀಗ ಹಾಕಿಕೊಂಡಿದ್ದಳು. ತಾಯಿಯಿಲ್ಲದ ಹುಡುಗಿ. ಸೋಮವಾರ ಗಾಡಿ ಕಟ್ಟಿ ಕಳಿಸುತ್ತೇನೆಂದು ಬೀಗರಿಗೆ ಮಾತು ಕೊಟ್ಟಾಗಿತ್ತು. ಕಳಿಸುವುದೋ ಇರಿಸಿಕೊಳ್ಳುವುದೋ ತಿಳಿಯದೆ ವಿರೂಪಣ್ಣನ ತಲೆ ಮೊಸರುಗಡಿಗೆಯಾಗಿತ್ತು. ಕೊನೆಗೆ ಸೋದರತ್ತೆಯನ್ನು ಕರೆಸಿದ.

ಅವಳು ಹುಡುಗಿಯ ಪಕ್ಕ ಕೂತು ಕೇಳಿದ್ದು ಒಂದೇ ಮಾತು. “ನಿಮ್ಮ ಅತ್ತಿ ಮನ್ಯಾಗ ಬೀಸೂ ಕಲ್ಲು ಎಲ್ಲಿಟ್ಟಾರವ್ವಾ?”

ಎಲೆ ಬಾಯಿಗೆ ಹೋಯಿತು. ಇದನ್ನು ಕೇಳಲು ಕಲ್ಲೂರಿನಿಂದ ಬರಬೇಕಿತ್ತೇ ಎಂದು ವಿರೂಪಣ್ಣ ಕಕ್ಕಾಬಿಕ್ಕಿಯಾದ.

“ಹಿತ್ತಲದಾಗ,” ಎಂದಳು ಬಸವಂತಮ್ಮ. ಚನ್ನಮಲ್ಲಮ್ಮ ಅಗಿಯುತ್ತಲೇ ಇದ್ದುದನ್ನು ಕಂಡು ತಾನೇ ಮುಂದುವರಿಸಿದಳು. “ನಸುಕಿನಾಗ ಬೀಸಾಕ ಹೊರಗ ಬಂದ್ರ ಅತ್ತಿ ಒಳಗಿಂದ ಚಿಲಕ ಹಾಕ್ತಾರ. ಎಲ್ಲಾರೂ ಉಂಡ ಮ್ಯಾಲೆ ತೆಗೀತಾರ. ನನ್ನ ಗಂಡನೂ ನೋಡ್ಕೊಂಡು ಸುಮ್ಮನಿರ್ತಾನ.”

ವಿರೂಪಣ್ಣ ಬಾಯಿ ತೆರೆಯುವಷ್ಟರಲ್ಲಿ ಚನ್ನಮಲ್ಲಮ್ಮ ಒಂದು ಎಲೆಯನ್ನು ಅವನ ಕೈಗೆ ತುರುಕಿದಳು. ಅವನು ಅಗಿಯುತ್ತ ಕೂತ. ಹುಡುಗಿ ಸಂಜೆಯವರೆಗೆ ಹೇಳಿದಳು, ಅತ್ತಳು, ಮತ್ತೆ ಹೇಳಿದಳು.

ಮಗಳು ಒಳಗೆ ಹೋದ ಮೇಲೆ ಅವನು ಕೇಳಿದ, “ಇಕಿ ನನಗ್ಯಾಕ ಹೇಳಲಿಲ್ಲತ್ತಿ?”

“ನೀ ಏನು ಕೇಳಿದ್ದಿ, ನೆನಸ್ಕೋ.”

ದಿನಾ ಬೆಳಿಗ್ಗೆ ಅವನು ಕೇಳಿದ್ದು ಒಂದೇ, ‘ಎಂದು ಹೋಗ್ತಿ?’ ತವರಿಗೆ ಬಂದ ಮಗಳನ್ನು ಆ ಸೀಮೆಯಲ್ಲಿ ಎಲ್ಲರೂ ಕೇಳುವ ಮಾತು. ಸೀರೆ ತರಬೇಕು, ಬುತ್ತಿ ಕಟ್ಟಬೇಕು ಎಂದು ಪ್ರೀತಿಯಿಂದಲೇ ಕೇಳಿದ್ದ. ಆ ಪ್ರೀತಿಯ ಮಾತೂ ಮಗಳಿಗೆ ಚಿಲಕದ ಸದ್ದಿನಂತೆ ಕೇಳಿಸಿತ್ತೆಂಬುದು ಅಲ್ಲಿಯವರೆಗೆ ಅವನ ಬುದ್ಧಿಗೆ ನಿಲುಕಿರಲಿಲ್ಲ.

ಸೋಮವಾರ ಗಾಡಿ ಹೂಡಲಿಲ್ಲ. ಮಗಳೆದುರು ಕೂತು, “ಏನು ಮಾಡಿದ್ರ ನಿನಗ ಚಲೋ ಅನಸ್ತದವ್ವಾ?” ಎಂದವನೇ ಅವಸರದಿಂದ ಎಲೆ ಬಾಯಿಗಿಟ್ಟುಕೊಂಡ. ಅಡಿಕೆ ಹಾಕುವುದನ್ನು ಮರೆತಿದ್ದ.

ಚನ್ನಮಲ್ಲಮ್ಮನಂಥವರು ಊರಿಗೊಬ್ಬರಾದರೂ ಇರುತ್ತಾರೆ. ಸಣ್ಣದೊಂದು ಮಾತು ಕೇಳಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಉಳಿದ ನಾವು ಕೇಳುವಾಗಲೇ ಉತ್ತರವನ್ನೂ ಬುತ್ತಿ ಕಟ್ಟಿ ಕೊಟ್ಟು, ಹೆತ್ತ ಮಗಳು ಮಾತಾಡುವುದಿಲ್ಲವೆಂದು ಊರೆಲ್ಲ ಹೇಳಿಕೊಂಡು ಬರುತ್ತೇವೆ.