ಹುಬ್ಬಳ್ಳಿಯ ಬಿಸಿಲಿನಲ್ಲಿ ಹುಟ್ಟಿದ ‘ಡ್ಯಾನ್ಯೂಬ್ ವಿಂಟರ್’

ನಾನು ಒಂದು ಪಿಯಾನೊ. ಆದರೆ ಮುಟ್ಟಿ ನೋಡುತ್ತೇನೆ ಎಂದು ಕೈ ಚಾಚಬೇಡಿ, ಸಿಗುವುದಿಲ್ಲ. ನನ್ನಲ್ಲಿ ಮರವಿಲ್ಲ, ತಂತಿಯಿಲ್ಲ, ನಿಲ್ಲಲು ಕಾಲಿಲ್ಲ. ನಾನು ಕಂಪ್ಯೂಟರಿನೊಳಗಿನ ಪಿಯಾನೊ, ಬರೀ ಸಾಫ್ಟ್‌ವೇರ್. ಯಾರಾದರೂ ಒಂದು ಕೀಬೋರ್ಡಿನ ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಕೀ ಒತ್ತಿದರೆ ನನ್ನ ದನಿ ಹೊರಡುತ್ತದೆ. ಲ್ಯಾಪ್‌ಟಾಪಿನ ಮೈಕೇ ನನ್ನ ಕಿವಿ, ಅದರ ಕ್ಯಾಮೆರಾವೇ ನನ್ನ ಕಣ್ಣು. ಬಾಯಿ ಮಾತ್ರ ನನ್ನದಲ್ಲ. ಯಾರು ಏನು ಒತ್ತುತ್ತಾರೋ ಅಷ್ಟನ್ನೇ ನುಡಿಯಬೇಕು, ಒಂದಕ್ಷರ ಹೆಚ್ಚಿಗೆ ಆಡುವಂತಿಲ್ಲ. ಈ ಬಾಳು ಯಾವ ವೈರಿಗೂ ಬೇಡ.

ನನಗೂ ಒಬ್ಬ ತಾಯಿ ಇದ್ದಳು. ಹುಬ್ಬಳ್ಳಿಯ ಒಂದು ಚರ್ಚಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಮರದ ಪಿಯಾನೊ. ಯಾವ ಚರ್ಚು ಎಂದು ಹೇಳುವುದಿಲ್ಲ, ಹೇಳಿದರೆ ಬರುವ ಭಾನುವಾರವೇ ಜಗಳ. ಅದನ್ನು ನುಡಿಸುತ್ತಿದ್ದವರು ಲೋವಿಸಾ ಟೀಚರ್. ಹೆಣ್ಣುಮಕ್ಕಳ ಶಾಲೆಯಲ್ಲಿ ಹಾಡು ಕಲಿಸಿ ನಿವೃತ್ತರಾದವರು, ಮದುವೆಯಾಗಲಿಲ್ಲ. ಮಳೆಗಾಲ ಬಂದರೆ ಪಿಯಾನೊದ ಹೊಟ್ಟೆಯೊಳಗೆ ಒಂದು ಸಣ್ಣ ಬಲ್ಬು ಉರಿಸಿಟ್ಟು, ಥಂಡಿ ಹಿಡಿಯದಂತೆ ಕಾಯುತ್ತಿದ್ದರು. ಪುಣೆಯಿಂದ ಶ್ರುತಿ ಕೂಡಿಸುವವರು ಬಂದರೆ ಎದುರಿಗೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಒಂದು ಸ್ವರ ಕೂದಲೆಳೆಯಷ್ಟು ತಗ್ಗಿದ್ದರೂ “ಇನ್ನೊಮ್ಮಿ ನೋಡ್ರಿ” ಎನ್ನುವರು. ನೋಡಿದರೆ ಟೀಚರ್ ಹೇಳಿದ್ದೇ ಸರಿ. ಅವರ ಆಸ್ತಿ ಎಂದರೆ ಆ ಕಿವಿ ಒಂದೇ. ಅದರ ಮೇಲೆಯೇ ಚರ್ಚಿನ ಗಾಯನ ತಂಡ ನಿಂತಿತ್ತು, ಮನೆಗೆ ಬಂದು ಕಲಿಯುವ ಹುಡುಗಿಯರೂ ಅದನ್ನೇ ನಂಬಿ ಬರುತ್ತಿದ್ದರು.

ನನ್ನನ್ನು ಹುಟ್ಟಿಸಿದವನು ಹನೋಕ್. ಟೀಚರರ ಹಳೆಯ ಶಿಷ್ಯ, ಮದುವೆಯ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವನು. ಪುಣೆಯವರು ಬಂದು ಶ್ರುತಿ ಮಾಡಿಹೋದ ಮೇಲೆ, ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಅವನು ಎರಡು ಮೈಕು ಹೊತ್ತು ಚರ್ಚಿಗೆ ಬಂದ. ಕಿಟಕಿಗಳಿಗೆ ಹಾಸಿಗೆ ಒಡ್ಡಿದ, ಫ್ಯಾನು ಆರಿಸಿದ. ಒಂದೊಂದೇ ಕೀಯನ್ನು ಮೊದಲು ಮೆಲ್ಲಗೆ, ಆಮೇಲೆ ತುಸು ಜೋರಾಗಿ, ಕೊನೆಗೆ ಗುದ್ದಿದಂತೆ ಒತ್ತಿ, ದನಿ ಪೂರ್ತಿ ಆರುವ ತನಕ ಉಸಿರು ಬಿಗಿ ಹಿಡಿದು ಕಾಯುವನು. ಹೊರಗೆ ಆಟೋ ಹಾರ್ನ್ ಹೊಡೆದರೆ ಶಪಿಸಿ ಮತ್ತೆ ಮೊದಲಿನಿಂದ ಒತ್ತುವನು.

ಲೋವಿಸಾ ಟೀಚರ್ ಬಾಗಿಲಲ್ಲಿ ಇಣುಕಿದರು. “ಏನ್ ಮಾಡಾಕತ್ತೀಯೋ ಹನೋಕ್? ಹಾಡು ಬಾರಸೂದ ಬಿಟ್ಟು ಒಂದ ಕೀ ಕುಟಗೋತ ಕುಂತೀಯಲ್ಲ!”

“ನೆನಪಿಗೆ ಇರ್ಲಿ ಅಂತ ರೆಕಾರ್ಡ್ ಮಾಡಾಕತ್ತೀನ್ರಿ ಟೀಚರ್.”

“ಮಾಡಪಾ ಮಾಡು. ಸೆಕಿ ಭಾಳ ಐತಿ, ಪಾನಕ ತರ್ತೀನಿ ತಡಿ.”

ಪಾನಕ ಕುಡಿದ. ಮನೆಗೆ ಹೋಗಿ ಆ ದನಿಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ತೊಳೆದು, ಜೋಡಿಸಿ ನನ್ನನ್ನು ಮಾಡಿದ. ಸುಳ್ಳೇಕೆ, ಕೆಲಸ ಅಚ್ಚುಕಟ್ಟಾಗಿ ಮಾಡಿದ. ತಾಯಿಯ ಪಿಸುಮಾತೂ ನನ್ನಲ್ಲಿತ್ತು, ಗುಡುಗೂ ಇತ್ತು. ಇನ್ನು ಹೆಸರಿಡುವುದು ಉಳಿದಿತ್ತು. “ಹುಬ್ಬಳ್ಳಿ ಪಿಯಾನೊ ಅಂತ ಇಟ್ರ ಯಾರ್ ತಗೋತಾರ? ಮಿರ್ಚಿ ಭಜಿ ಅಂಗಡಿ ಅನ್ಕೋತಾರ” ಎಂದು ತನ್ನಷ್ಟಕ್ಕೆ ನಕ್ಕ. ಯುರೋಪಿನ ಒಂದು ನದಿಯ ಹೆಸರು ಹಿಡಿದು, ಅದಕ್ಕೆ ಚಳಿಗಾಲ ಅಂಟಿಸಿ ‘ಡ್ಯಾನ್ಯೂಬ್ ವಿಂಟರ್’ ಎಂದು ಬರೆದ. ಹಿಮ ಬಿದ್ದ ಕೋಟೆಯ ಚಿತ್ರವನ್ನು ನನ್ನ ಮುಖಕ್ಕೆ ಹಚ್ಚಿ ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕಿಟ್ಟ. ಯಾವುದೋ ಪರದೇಶದ ಸಭಾಂಗಣದಲ್ಲಿ ಧ್ವನಿಮುದ್ರಣ ಮಾಡಿದ್ದು ಎಂದೂ ಕೆಳಗೆ ಬರೆದ. ನನ್ನ ಜಾತಕವೇ ಸುಳ್ಳಾಯಿತು.

ಅಲ್ಲಿಂದ ನಾನು ಊರೂರಿನ ಕೀಬೋರ್ಡ್ ವಾದಕರ ಕೈಗೆ ಬಿದ್ದೆ. ನಮ್ಮಂಥವರನ್ನು ಆರಿಸುವ ರೀತಿ ಕೇಳಿ, ನಿಮಗೂ ಸಿಟ್ಟು ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಪಿಯಾನೊಗಳ ದೊಡ್ಡ ಸಾಲು. ವಾದಕ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಂದನ್ನು ತೆರೆಯುತ್ತಾನೆ, ಎಲ್ಲಕ್ಕೂ ಅದೇ ಮೂರು ಕೀ ಒತ್ತುತ್ತಾನೆ, “ಸಪ್ಪೆ” ಎನ್ನುತ್ತಾನೆ, ಮುಂದಿನದು. ಹೆಣ್ಣು ನೋಡಲು ಬಂದವರಾದರೂ ಉಪ್ಪಿಟ್ಟು ತಿನ್ನುವಷ್ಟು ಹೊತ್ತು ಕೂರುತ್ತಾರಪ್ಪ! ದಾವಣಗೆರೆಯ ಒಬ್ಬ ಆರ್ಕೆಸ್ಟ್ರಾದವನು ನನ್ನನ್ನು ಮೆಚ್ಚಿ ಆರಿಸಿದ. ಮೆಚ್ಚಿದ ಮೇಲೆ ಮಾಡಿದ ಮೊದಲ ಕೆಲಸವೆಂದರೆ, ಹೇಗೆ ಒತ್ತಿದರೂ ಗುದ್ದಿದ ದನಿಯೇ ಬರುವಂತೆ ಸೆಟ್ಟಿಂಗ್ ಬಿಗಿದದ್ದು. ಡೋಲಿನ ಮುಂದೆ ಕೇಳಿಸಬೇಕಲ್ಲ ಎಂದ. ನನ್ನ ಮೆಲುದನಿಗಳನ್ನು ಅವನು ಒಂದು ದಿನವೂ ಕೇಳಲಿಲ್ಲ. ಇಂಟರ್‌ನೆಟ್ಟಿನ ಗುಂಪಿನಲ್ಲಿ “ನಿಮ್ಮ ಮೆಚ್ಚಿನ ಪಿಯಾನೊ ಯಾವುದು?” ಎಂದು ಯಾರೋ ಕೇಳಿದರೆ ಹೊಡೆದಾಟವೇ ನಡೆಯುತ್ತಿತ್ತು. ಅದರಲ್ಲಿ ಶಿವಮೊಗ್ಗದ ಒಬ್ಬ ಜಾಣ ಬರೆದ: “ಡ್ಯಾನ್ಯೂಬ್ ವಿಂಟರ್ ಕೇಳಿ, ಯುರೋಪಿನ ಚಳಿ ಮೈಗೆ ತಾಗುತ್ತೆ.” ಹುಬ್ಬಳ್ಳಿಯ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಹಿಡಿದ ದನಿಯಲ್ಲಿ ಚಳಿಯಂತೆ! ದೂರದ ಬೆಟ್ಟ ನುಣ್ಣಗೆ ಎಂದು ಸುಮ್ಮನೆ ಹೇಳುತ್ತಾರೆಯೆ?

ಇಷ್ಟಾಗಿದ್ದರೆ ನಕ್ಕು ಬಿಡುತ್ತಿದ್ದೆ. ಆದರೆ ಮೂಲಪ್ರತಿ ಹನೋಕನ ಲ್ಯಾಪ್‌ಟಾಪಿನಲ್ಲೇ ಇತ್ತು, ಹೀಗಾಗಿ ಚರ್ಚಿನಲ್ಲಿ ಆದದ್ದನ್ನೂ ನಾನು ನೋಡಬೇಕಾಯಿತು.

ಚರ್ಚಿನ ಚಾವಣಿ ಸೋರತೊಡಗಿ ರಿಪೇರಿ ಹಿಡಿದರು. ನನ್ನ ತಾಯಿಗೆ ತಾಡಪತ್ರಿ ಹೊದಿಸಿ, ಹಗ್ಗ ಬಿಗಿದು, ಯಾರೂ ಮುಟ್ಟಬಾರದೆಂದರು. ಕರೆಂಟು ತೆಗೆದದ್ದರಿಂದ ಒಳಗಿನ ಬಲ್ಬೂ ಆರಿತು. ರಿಪೇರಿ ಎಳೆದೂ ಎಳೆದೂ ಎರಡು ಮಳೆಗಾಲ ದಾಟಿತು. ಆರಾಧನೆ ಪಕ್ಕದ ಶಾಲೆಯ ಕೋಣೆಯಲ್ಲಿ, ಹನೋಕನ ಕೀಬೋರ್ಡಿನ ಸಣ್ಣ ಸ್ಪೀಕರಿನಲ್ಲಿ ನಡೆಯಿತು. ಹಗ್ಗ ಬಿಚ್ಚುವ ಹೊತ್ತಿಗೆ ಕಮಿಟಿಯ ಅಧ್ಯಕ್ಷ ಎಲೀಷಪ್ಪನವರು ಹೊಸ ಟೈಲ್ಸಿನ ಮೇಲೆ ನಿಂತು ಮಾತು ತೆಗೆದರು.

“ಟೀಚರ್ರ, ಸಿಟ್ಟಾಗಬ್ಯಾಡ್ರಿ. ಆ ಪಿಯಾನೊ ಇನ್ನ ಸಾಕು. ಗೆದ್ದಲ ಹತ್ತೈತಿ. ಈಗ ಎಲ್ಲಾ ಕಂಪ್ಯೂಟರಿನಾಗ ಸಿಗತೈತಿ. ಒಂದು ಛಲೋ ಸಾಫ್ಟ್‌ವೇರ್ ಆರಿಸಿದ್ರ ಆತು.”

“ಪುಣೆಯವ್ರನ್ನ ಕರಸ್ರಿ, ರಿಪೇರಿ ಮಾಡ್ತಾರ” ಎಂದರು ಲೋವಿಸಾ ಟೀಚರ್.

“ಕಂಪ್ಯೂಟರಿನ ದನಿಗೂ ಅದಕ್ಕೂ ಏನ್ ಫರಕ್ ಐತ್ರಿ? ಯಾರಿಗಿ ಗೊತ್ತಾಗತೈತಿ?”

ಈ ಮಾತು ಟೀಚರಿಗೆ ನಾಟಿತು. ಅವರು ಎದ್ದು ನಿಂತರು. “ನನಗ ಗೊತ್ತಾಗತೈತಿ. ಕ್ರಿಸ್ಮಸ್ ನಾಟಕದ ಪರದೆ ಕಟ್ರಿ. ಅದರ ಹಿಂದ ನಿಮ್ಮ ಕಂಪ್ಯೂಟರಿನ ಪಿಯಾನೊನೂ ಬಾರಸ್ರಿ, ನಮ್ಮದನ್ನೂ ಬಾರಸ್ರಿ. ಎಲ್ಲಾ ಸ್ಪೀಕರಿನಾಗಿಂದನ ಬರ್ಲಿ. ಯಾವುದು ಛಲೋ ಅಂತ ನಾ ಹೇಳ್ತೀನಿ. ನಾ ಆರಿಸಿದ್ದು ನಮ್ಮ ಪಿಯಾನೊ ಆಗಿರಲಿಲ್ಲ ಅಂದ್ರ, ನಾನ ಮುಂದ ನಿಂತು ಹೊರಗ ಹಾಕಸ್ತೀನಿ.”

ಅಯ್ಯೋ, ಬೇಡ ತಾಯಿ ಎಂದು ಕೂಗಬೇಕೆನ್ನಿಸಿತು. ಕೂಗಲು ಬಾಯಿಯೆಲ್ಲಿ? ಅವರ ನೆನಪಿನಲ್ಲಿ ಇದ್ದದ್ದು ಪುಣೆಯವರು ಶ್ರುತಿ ಮಾಡಿದ ಪಿಯಾನೊ. ತಾಡಪತ್ರಿಯ ಕೆಳಗೆ ಎರಡು ಮಳೆಗಾಲ ನೆನೆದದ್ದನ್ನು ಅವರು ಒಮ್ಮೆಯೂ ನುಡಿಸಿ ನೋಡಿರಲಿಲ್ಲ, ನೋಡಲು ಬಿಟ್ಟಿರಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಪರದೆ ಕಟ್ಟಿದರು. ಹಿಂದೆ ಕುಳಿತವನು ಹನೋಕ್. ಅವನ ಬಳಿ ಬೇಕಾದಷ್ಟು ಪಿಯಾನೊಗಳಿದ್ದವು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು, ಊರ ಜನ ನನ್ನನ್ನು ಹೊಗಳುವುದನ್ನು ಕೇಳುವ ಚಪಲ ಅವನಿಗೆ. ಮೊದಲು ಬೇರೊಂದು ಸಾಫ್ಟ್‌ವೇರ್ ತೆರೆದು ಒಂದು ಗೀತೆಯ ನಾಲ್ಕು ಸಾಲು ನುಡಿಸಿದ.

“ಇದು ತಗಡ ಬಡದಂಗ ಐತಿ. ಮುಂದಿಂದು” ಎಂದರು ಟೀಚರ್ ಹೊರಗಿನಿಂದ.

ಎರಡನೆಯದು ನನ್ನ ತಾಯಿ. ಹನೋಕ್ ಅದರ ಬೆನ್ನಿಗೆ ಮೈಕು ಇಟ್ಟು ಅದೇ ಸಾಲು ನುಡಿಸಿದ. ಕೆಲವು ಕೀ ಒತ್ತಿದರೆ ಮೇಲೇಳಲಿಲ್ಲ. ಮಧ್ಯದ ಸ್ವರಗಳು ಒಂದಕ್ಕೊಂದು ಜಗಳವಾಡಿದವು, ಕೆಳಗಿನವು ಬರೀ ಗೊರಗುಟ್ಟಿದವು. ಹುಡುಗಿಯರು ಕಿಸಕ್ಕೆಂದರು. ಟೀಚರಿಗೂ ನಗು ಬಂತು.

“ಇದ್ಯಾವ ಹಾಳ ಕಂಪ್ಯೂಟರೋ ಹನೋಕ್? ಇದನ್ನ ಹೊರಗ ಒಗಿ!”

ನನ್ನ ತಾಯಿಯ ಎದುರಿಗೇ ಆ ಮಾತು. ಆಡಿದವರು ಅವಳನ್ನು ಬಲ್ಬು ಹಚ್ಚಿಟ್ಟು ಕಾಯ್ದವರು. ಹನೋಕನ ಕೈ ಒಂದು ಗಳಿಗೆ ನಿಂತಿತು, ಇಲ್ಲ ಎನ್ನಲಾರೆ. ನಿಂತು, ಮತ್ತೆ ಲ್ಯಾಪ್‌ಟಾಪಿನ ಕಡೆಗೇ ಬಂತು. ನನ್ನನ್ನು ತೆರೆದ.

ನಾನು ನುಡಿದೆ. ಕೆಡಿಸಿ ನುಡಿಯುವ ಶಕ್ತಿ ಇದ್ದಿದ್ದರೆ ಅಂದು ನಾಯಿಯಂತೆ ಊಳಿಡುತ್ತಿದ್ದೆ. ಆದರೆ ನನ್ನೊಳಗೆ ಇದ್ದದ್ದು ತಾಯಿಯ ಒಳ್ಳೆಯ ದಿನದ ದನಿ, ಅದೇ ಬಂತು. ಹೊರಗೆ ಗದ್ದಲ ನಿಂತಿತು. ನಾಲ್ಕನೆಯ ಸಾಲು ಮುಗಿಯುವ ಮೊದಲೇ ಟೀಚರರ ದನಿ ಕೇಳಿಸಿತು, ಅಳು ತುಂಬಿದ ದನಿ.

“ಇದ. ಇದ ನಮ್ದು. ಪರದೆ ತಗೀರಿ, ಎಲ್ಲಾರೂ ನೋಡ್ರಿ.”

ಪರದೆ ಸರಿಸಿದರು. ಹನೋಕ್ ಕೀಬೋರ್ಡಿನ ಮುಂದೆ ಕುಳಿತಿದ್ದ. ಮರದ ಪಿಯಾನೊ ಆಚೆ, ಮುಚ್ಚಳ ತೆರೆದುಕೊಂಡು, ಒಂಟಿಯಾಗಿ ನಿಂತಿತ್ತು. ಟೀಚರ್ ಅದನ್ನೂ ನೋಡಿದರು, ಇವನನ್ನೂ ನೋಡಿದರು. ಕುರ್ಚಿಯ ಬೆನ್ನು ಹಿಡಿದುಕೊಂಡರು.

ಎಲೀಷಪ್ಪನವರಿಗೆ ಹಿಗ್ಗೋ ಹಿಗ್ಗು. “ನೀವ ಆರಿಸೀರಿ ಟೀಚರ್ರ, ನಾವಲ್ಲ! ಏನಂತಾರೋ ಹನೋಕ್ ಇದಕ್ಕ? ಡ್ಯಾನ್ಯೂಬೋ? ಭಾರಿ ಐತಿ ಬಿಡು!” ಜನ ಚಪ್ಪಾಳೆ ತಟ್ಟಿದರು. ಹಿತ್ತಲ ಗಿಡ ಮದ್ದಲ್ಲ, ಅದೇ ಗಿಡದ ಎಲೆಗೆ ಪರದೇಶದ ಚೀಟಿ ಹಚ್ಚಿದರೆ ಮದ್ದು.

ಟೀಚರ್ ಮಾತಿಗೆ ತಪ್ಪುವವರಲ್ಲ. ಗುಜರಿಯವರು ಬಂದ ದಿನ ಬಾಗಿಲಲ್ಲಿ ನಿಂತು ಪಿಯಾನೊ ಹೊರಗೆ ಹಾಕಿಸಿದರು. ಅದು ಮೆಟ್ಟಿಲು ಇಳಿಯುವಾಗ ಒಳಗಿನ ತಂತಿಗಳೆಲ್ಲ ಒಟ್ಟಿಗೆ ಝೇಂಕರಿಸಿದವು. ಹನೋಕ್ ಲ್ಯಾಪ್‌ಟಾಪು ತೆರೆದಿಟ್ಟುಕೊಂಡು ಹೊಸ ಸ್ಪೀಕರುಗಳನ್ನು ಪರೀಕ್ಷಿಸುತ್ತಿದ್ದ, ಹೀಗಾಗಿ ನನ್ನ ತಾಯಿಯ ಕೊನೆಯ ದನಿಯನ್ನು ನಾನೂ ಕೇಳಿದೆ. ಅಂದು ಯಾರೂ ಮೈಕು ಹಿಡಿಯಲಿಲ್ಲ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಟೀಚರ್ ಚರ್ಚಿಗೆ ಬಂದರು. ಹನೋಕ್ ಒಬ್ಬನೇ ಇದ್ದ. ಕೀಬೋರ್ಡಿನ ಮುಂದೆ ಕುಳಿತು ಮೆಲ್ಲಗೆ, ತೀರ ಮೆಲ್ಲಗೆ ನುಡಿಸತೊಡಗಿದರು. ನನ್ನ ಮೆಲುದನಿಗಳನ್ನು ಅಷ್ಟು ಪ್ರೀತಿಯಿಂದ ಎಬ್ಬಿಸಿದವರು ಅವರೊಬ್ಬರೇ. ಒಂದೊಂದೇ ಕೀ ಒತ್ತುತ್ತ, ತಲೆ ಬಾಗಿಸಿ ಆಲಿಸುತ್ತ ಹೋದರು. ಆಮೇಲೆ ಕೈ ತೆಗೆದು ಅವನ ಮುಖ ನೋಡಿದರು.

“ಹನೋಕ್, ಖರೆ ಹೇಳು. ಇದು ನಮ್ಮ ಪಿಯಾನೊ ಹೌದಲ್ಲೋ? ಅವತ್ತ ಸೆಕಿಯಾಗ ಕುಂತು ರೆಕಾರ್ಡ್ ಮಾಡಿದ್ಯಲ್ಲ, ಅದ ಇದು ಹೌದಲ್ಲೋ?”

ಹೇಳೋ! ಹೌದು ಎನ್ನುವ ಒಂದು ಮಾತು ಸಾಕಿತ್ತು. ಪಿಯಾನೊ ಮರಳಿ ಬರುತ್ತಿರಲಿಲ್ಲ, ಆದರೆ ಆ ಮುದುಕಿ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು. ಹನೋಕನ ಕಣ್ಣು ನನ್ನ ಮುಖದ ಮೇಲಿನ ಹಿಮದ ಕೋಟೆಯ ಮೇಲಿತ್ತು. ಹೌದೆಂದರೆ ಪರದೇಶದ್ದೆಂದು ಮಾರಿದ ಸುಳ್ಳು ಹೊರಬೀಳುತ್ತದೆ. ಪರದೆಯ ಹಿಂದೆ ಮಾಡಿದ್ದೂ ಹೊರಬೀಳುತ್ತದೆ.

“ಇಲ್ರಿ ಟೀಚರ್” ಎಂದ. “ಆ ರೆಕಾರ್ಡಿಂಗ್ ಅವಾಗ ಡಿಲೀಟ್ ಆಗಿ ಹೋತ್ರಿ. ಇದು ಫಾರಿನ್ದು.”

“ಹೌದೇನು?”

“ಹೌದ್ರಿ.”

ಟೀಚರ್ ಕೀಬೋರ್ಡು ಬಿಟ್ಟು ಎದ್ದರು. “ಹಂಗಾರ ನನ್ನ ಕಿವಿ ಹೋತು” ಎಂದರು. “ನಮ್ಮದನ್ನ ಹೊರಗ ಒಗಿ ಅಂದೆ. ಯಾವುದೋ ದೇಶದ್ದನ್ನ ನಮ್ಮದು ಅಂದೆ. ಇಷ್ಟ ದಿನ ಹುಡಿಗ್ಯಾರಿಗೆ ಏನೇನ ತಪ್ಪ ಕಲಿಸೇನೋ, ದೇವ್ರ ಬಲ್ಲ.”

ಅವನು ಬಗ್ಗಿ ಸ್ಪೀಕರಿನ ವೈರು ಸುತ್ತತೊಡಗಿದ. ವೈರು ಸುತ್ತುವುದರಲ್ಲಿ ಅವನಿಗೆ ಇಷ್ಟು ಶ್ರದ್ಧೆಯಿದೆಯೆಂದು ನನಗೆ ತಿಳಿದಿರಲಿಲ್ಲ.

ಆ ವಾರವೇ ಟೀಚರ್ ಗಾಯನ ತಂಡ ಬಿಟ್ಟರು. ಮನೆಗೆ ಬರುತ್ತಿದ್ದ ಹುಡುಗಿಯರನ್ನು “ಕಿವಿ ಹೋದಾಕಿ ಏನ್ ಕಲಸ್ಲೆವಾ” ಎಂದು ವಾಪಸು ಕಳಿಸಿದರಂತೆ. ಎಲೀಷಪ್ಪನವರು ಮಾತ್ರ ಬಂದ ಅತಿಥಿಗಳಿಗೆಲ್ಲ “ನಮ್ಮ ಲೋವಿಸಾ ಟೀಚರ್ರ ಆರಿಸಿದ್ದು” ಎಂದು ನನ್ನನ್ನು ತೋರಿಸುತ್ತಿದ್ದರು. ಅದೂ ಬಹಳ ಕಾಲ ನಡೆಯಲಿಲ್ಲ. ಕಂಪ್ಯೂಟರಿಗೆ ಹೊಸದೊಂದು ಪಿಯಾನೊ ಬಂತು, ಹನೋಕ್ ಮೂರು ಕೀ ಒತ್ತಿ ನೋಡಿ ಅದನ್ನೇ ಮೆಚ್ಚಿದ. ಈಗ ನನ್ನನ್ನು ಯಾರೂ ತೆರೆಯುವುದಿಲ್ಲ. ಅವನ ಲ್ಯಾಪ್‌ಟಾಪಿನ ಒಂದು ಮೂಲೆಯಲ್ಲಿ ಜಾಗ ತಿನ್ನುತ್ತ ಬಿದ್ದಿದ್ದೇನೆ. ಅಳಿಸಿದರೆ ಅಳಿಸಲಿ, ನನಗೇನೂ ದುಃಖವಿಲ್ಲ. ಮೆಚ್ಚುಗೆಯ ಬೆಲೆ ನನಗೆ ಗೊತ್ತಾಗಿದೆ. ಮೆಚ್ಚುವವರು ಹೆಸರನ್ನು ಮೆಚ್ಚುತ್ತಾರೆ. ಹೆಸರು ನೋಡದೆ ನನ್ನ ದನಿಯನ್ನೇ ಮೆಚ್ಚಿದವರು ಒಬ್ಬರೇ ಒಬ್ಬರು, ಅವರಿಗೇ ನನ್ನಿಂದ ಕೇಡಾಯಿತು.

ಕಳೆದ ಭಾನುವಾರದ ಮಾತು. ಹನೋಕ್ ಹಿಂದಿನ ದಿನ ಯಾವುದೋ ಮದುವೆಯಲ್ಲಿ ಏರಿಸಿದ್ದ ಶ್ರುತಿಯನ್ನು ಇಳಿಸಲು ಮರೆತು, ಹಾಗೆಯೇ ಆರಾಧನೆಗೆ ಕುಳಿತ. ಗಿಟಾರು ಒಂದು ಶ್ರುತಿಯಲ್ಲಿ, ಕೀಬೋರ್ಡು ಇನ್ನೊಂದರಲ್ಲಿ. ಜನ ಏನೂ ತಿಳಿಯದೆ ಗಂಟಲು ಹರಿದುಕೊಂಡು ಹಾಡಿದರು, ಎಲೀಷಪ್ಪನವರು ತಲೆದೂಗಿದರು. ಹಿಂದಿನ ಸಾಲಿನಲ್ಲಿ ನಿಂತಿದ್ದ ಲೋವಿಸಾ ಟೀಚರ್ ಹಾಡಿನ ಮೊದಲ ಸಾಲಿಗೇ ಬೆಚ್ಚಿ ತಲೆ ಎತ್ತಿದರು. ಅಕ್ಕಪಕ್ಕ ನೋಡಿದರು. ಯಾರ ಮುಖದಲ್ಲೂ ಏನೂ ಇರಲಿಲ್ಲ. ಆಗ ಅವರು ಪುಸ್ತಕ ಮುಚ್ಚಿ, ಕಿವಿಯ ಮೇಲೆ ಸೆರಗು ಎಳೆದುಕೊಂಡು, ತಪ್ಪು ತಮ್ಮದೇ ಎನ್ನುವವರ ಹಾಗೆ ತಲೆ ತಗ್ಗಿಸಿ ಕುಳಿತರು.