ರಸ್ತೆಯ ನಡುವಿನ ಬಾವಿ

ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೇ ಸಲಕ್ಕೆ ಪಕ್ಕದ ರಾಜ್ಯದ ಸರ್ವೆ ಲೈಸೆನ್ಸ್ ಕೈಗೆ ಬಂದಾಗ ಊರವರೆಲ್ಲ 'ಸರ್ವೆ ಅಕ್ಕ' ಎಂದೇ ಕರೆಯುವ ಭೂಮಾಪಕಿಗೆ ಹೋದ ಜೀವ ಬಂದಂತಾಯಿತು. ಜಮೀನಿಗೆ ಕಾಲಿಡದೆ ನಕ್ಷೆ ಗೀಚುವ ಇಲ್ಲಿಯ ಸೋಮಾರಿ ಸರ್ವೇಯರ್‌ಗಳ ಸಹವಾಸ ಅವಳಿಗೆ ಸಾಕಾಗಿತ್ತು. ಗಂಡನೂ ಊರು ಬಿಟ್ಟು ಅಲ್ಲಿಗೆ ಹೊರಡಲು ಒಪ್ಪಿದ. ಮೊದಲು ಅಲ್ಲಿಯ ಖಾಸಗಿ ಸರ್ವೆ ಕಚೇರಿಯೊಂದನ್ನು ನೋಡಿ ಬರಲು ಹೋದಳು.

ಮಾಲೀಕ ಕುರ್ಚಿಯಿಂದ ಅಲುಗಾಡದೆ ನಕ್ಷೆಯೊಂದನ್ನು ಮುಂದೆ ತಳ್ಳಿದ. "ಬಿಸಿಲಲ್ಲಿ ಯಾಕೆ ಅಲೀತೀರಿ ಮೇಡಂ? ಇಲ್ಲೇ ಸೈನ್ ಹಾಕಿ."

ನಕ್ಷೆಯಲ್ಲಿ ಬಾವಿಯೊಂದು ರಸ್ತೆಯ ನಟ್ಟನಡುವೆ ಕುಳಿತಿತ್ತು.

"ಈ ರಸ್ತೇಲಿ ಜನ ಈಜ್ಕೊಂಡು ಹೋಗ್ತಾರಾ?" ಎಂದು ಕೇಳಿ ಎದ್ದು ಮನೆಗೆ ಬಂದಳು.

"ಹೇಗಿದೆ ಆ ಊರು?" ಎಂದ ಗಂಡ.

"ನಾವು ಇಲ್ಲೇ ಇರೋಣ ರೀ. ನಮ್ಮೋರಿಗೆ ಸುಳ್ಳನ್ನಾದ್ರೂ ನೆಟ್ಟಗೆ ಬರೆಯೋಕೆ ಬರುತ್ತೆ."